ಬಾಟಲಿ ಬಿಯರ್‌ನ ಸಂಗ್ರಹಣೆ ಮತ್ತು ಮಾಗಿಸುವಿಕೆ

ಬಾಟಲಿ ಬಿಯರ್‌ ಮಾಗಿಸುವಿಕೆ ಎಂದರೆ ಬಾಟಲಿಯಲ್ಲಿ ತುಂಬಿದ ಬಿಯರನ್ನು ತಂಪಾದ, ಕತ್ತಲೆಯ ಸ್ಥಳದಲ್ಲಿ ಹಲವು ತಿಂಗಳು ಅಥವಾ ವರ್ಷಗಳ ಕಾಲ ಇರಿಸಿ, ಅದರ ರುಚಿ ಮತ್ತು ಪರಿಮಳ ಬದಲಾಗಲು ಬಿಡುವ ಕ್ರಮ. ಬಿಯರ್ ಹಳೆಯದಾದಷ್ಟೂ ಉತ್ತಮಗೊಳ್ಳುತ್ತದೆ ಎಂಬ ಭಾವನೆ ಸರಿಯಲ್ಲ. ಬಹುಪಾಲು ಬಿಯರ್‌ಗಳನ್ನು ತಾಜಾ ಇರುವಾಗಲೇ ಕುಡಿಯಲೆಂದು ತಯಾರಿಸಲಾಗುತ್ತದೆ. ಕೆಲವು ಬಗೆಗಳು ಮಾತ್ರ ಮಾಗಿದಾಗ ಸೊಗಸುತ್ತವೆ.

ಬಾಟಲಿಯೊಳಗಿನ ಬದಲಾವಣೆಗಳು

ತುಂಬುವಾಗ ಬಾಟಲಿಯಲ್ಲಿ ಉಳಿಯುವ ಮತ್ತು ಮುಚ್ಚಳದ ಅಂಚಿನಿಂದ ನಿಧಾನವಾಗಿ ಒಳಸೇರುವ ಆಮ್ಲಜನಕವು ಬಿಯರ್‌ನ ಘಟಕಗಳನ್ನು ಉತ್ಕರ್ಷಿಸುತ್ತದೆ. ಹಾಪ್ಸ್‌ನ ಪರಿಮಳ ಮತ್ತು ಕಹಿ ಕ್ರಮೇಣ ಕುಗ್ಗುತ್ತವೆ. ತಿಳಿಬಣ್ಣದ ಲಾಗರ್ ಹಳತಾದಾಗ ಅದರಲ್ಲಿ ಒದ್ದೆ ರಟ್ಟಿನಂತಹ ವಾಸನೆ ತೋರುತ್ತದೆ. ಗಾಢವಾದ, ಮಾಲ್ಟ್ ಹೆಚ್ಚಿರುವ ಬಿಯರ್‌ನಲ್ಲಿಯಾದರೋ ಉತ್ಕರ್ಷಣದಿಂದಲೇ ಒಣದ್ರಾಕ್ಷಿ ಮತ್ತು ಶೆರ್ರಿ ವೈನನ್ನು ನೆನಪಿಸುವ ರುಚಿಗಳು ಮೂಡುತ್ತವೆ. ಮದ್ಯಸಾರದ ತೀಕ್ಷ್ಣತೆಯೂ ತಗ್ಗುತ್ತದೆ.

ಮಾಗಿಸಲು ಸೂಕ್ತವಾದ ಬಗೆಗಳು

ಬಾರ್ಲಿ ವೈನ್, ಇಂಪೀರಿಯಲ್ ಸ್ಟೌಟ್ ಮುಂತಾದ, ಸಾಮಾನ್ಯವಾಗಿ ಶೇ. 8ಕ್ಕಿಂತ ಹೆಚ್ಚು ಮದ್ಯಸಾರವಿರುವ ಬಿಯರ್‌ಗಳು ಇದಕ್ಕೆ ಸೂಕ್ತ. ಇಂಗ್ಲೆಂಡಿನ ಡಾರ್ಚೆಸ್ಟರ್‌ನಲ್ಲಿ ಎಲ್ಡ್ರಿಜ್ ಪೋಪ್ ಸಂಸ್ಥೆಯು ಕಾದಂಬರಿಕಾರ ಥಾಮಸ್ ಹಾರ್ಡಿಯ ಸ್ಮರಣಾರ್ಥ 1968ರಲ್ಲಿ ಹೊರತಂದ ‘ಥಾಮಸ್ ಹಾರ್ಡೀಸ್ ಏಲ್’ ದೀರ್ಘಕಾಲ ಮಾಗಿಸಲೆಂದೇ ತಯಾರಾದ ಬಿಯರ್‌ಗಳಲ್ಲಿ ಪ್ರಸಿದ್ಧವಾದುದು.

ಮದ್ಯಸಾರವೊಂದೇ ಮಾನದಂಡವಲ್ಲ. ಬೆಲ್ಜಿಯಂನ ಹುಳಿ ಬಿಯರ್ ಗ್ಯೂಜ್, ಬೇರೆ ಬೇರೆ ವಯಸ್ಸಿನ ಲ್ಯಾಂಬಿಕ್‌ಗಳ ಮಿಶ್ರಣ. ಅದರ ಆಮ್ಲೀಯತೆ ಮತ್ತು ಜೀವಂತ ಸೂಕ್ಷ್ಮಜೀವಿಗಳಿಂದಾಗಿ ಅದು ಹಲವು ವರ್ಷ ಬಾಳುತ್ತದೆ. ಅದೇ ದೇಶದ ಓರ್ವಾಲ್ ಬಿಯರ್‌ನ ರುಚಿಯು ಬ್ರೆಟನೊಮೈಸಿಸ್ ಎಂಬ ಯೀಸ್ಟ್‌ನಿಂದ ಬಾಟಲಿಯಲ್ಲಿಯೇ ಬದಲಾಗುತ್ತದೆ. ಭಾರತದಲ್ಲಿ ‘ಸ್ಟ್ರಾಂಗ್’ ಎಂದು ಮಾರಾಟವಾಗುವ ಸಾಮಾನ್ಯ ಲಾಗರ್‌ಗಳು ಮತ್ತು ಹಾಪ್ಸ್ ಪರಿಮಳವೇ ಮುಖ್ಯವಾದ ಐಪಿಎ ಬಗೆಯವು ಮಾಗಿಸಲು ತಕ್ಕವಲ್ಲ.

ಮನೆಯಲ್ಲಿ ಸಂಗ್ರಹಣೆ

* ಉಷ್ಣತೆ: ಮಾಗಿಸಲು 10ರಿಂದ 13 ಡಿಗ್ರಿ ಸೆಲ್ಸಿಯಸ್ ಸೂಕ್ತ. ಉಷ್ಣತೆ ಹೆಚ್ಚಿದಂತೆ ಬಿಯರ್ ಬೇಗ ಕೆಡುತ್ತದೆ. ತಾಜಾ ಕುಡಿಯಬೇಕಾದ ಬಿಯರ್‌ಗೆ ಫ್ರಿಜ್ಜೇ ಉತ್ತಮ.
* ಬೆಳಕು: ಬೆಳಕು ತಾಗಿದಾಗ ಹಾಪ್ಸ್‌ನ ಕಹಿ ಘಟಕಗಳು ಒಡೆದು, ಗಂಧಕಯುಕ್ತ ದುರ್ವಾಸನೆಯ ಸಂಯುಕ್ತವೊಂದು ಉಂಟಾಗುತ್ತದೆ. ಕಂದು ಗಾಜು ಇದನ್ನು ಬಹುಮಟ್ಟಿಗೆ ತಡೆಯುತ್ತದೆ. ಹಸಿರು ಮತ್ತು ಬಣ್ಣರಹಿತ ಗಾಜುಗಳು ಅಷ್ಟಾಗಿ ತಡೆಯುವುದಿಲ್ಲ.
* ಭಂಗಿ: ಲೋಹದ ಮುಚ್ಚಳದ ಬಾಟಲಿಗಳನ್ನು ನೇರವಾಗಿ ನಿಲ್ಲಿಸಿದರೆ ಯೀಸ್ಟ್ ತಳದಲ್ಲಿ ನಿಲ್ಲುತ್ತದೆ. ಕಾರ್ಕ್ ಹಾಕಿದ ಗ್ಯೂಜ್ ಬಾಟಲಿಗಳನ್ನು ಮಲಗಿಸಿಡುವ ರೂಢಿಯಿದೆ.

ಒಂದೇ ಬಗೆಯ ಹಲವು ಬಾಟಲಿಗಳನ್ನು ದಿನಾಂಕ ನಮೂದಿಸಿ ಇರಿಸಿ, ಕಾಲಕಾಲಕ್ಕೆ ಒಂದೊಂದನ್ನು ತೆರೆದು ನೋಡುವುದರಿಂದ ಬದಲಾವಣೆಯನ್ನು ಗುರುತಿಸಬಹುದು. ಅತಿಯಾಗಿ ಮಾಗಿದ ಬಿಯರ್ ಮತ್ತೆ ಮೊದಲಿನ ಸ್ಥಿತಿಗೆ ಬರುವುದಿಲ್ಲ.

ಸುರಕ್ಷತೆ

ಮನೆಯಲ್ಲಿ ತಯಾರಿಸಿದ ಬಿಯರ್‌ನಲ್ಲಿ ಹುದುಗದ ಸಕ್ಕರೆ ಹೆಚ್ಚಾಗಿ ಉಳಿದಿದ್ದರೆ, ಬಾಟಲಿಯಲ್ಲಿ ಹುದುಗುವಿಕೆ ಮುಂದುವರಿದು ಇಂಗಾಲದ ಡೈಆಕ್ಸೈಡ್‌ನ ಒತ್ತಡದಿಂದ ಗಾಜು ಸಿಡಿಯಬಹುದು. ಆದ್ದರಿಂದ ಹುದುಗುವಿಕೆ ಪೂರ್ಣಗೊಂಡುದನ್ನು ಖಚಿತಪಡಿಸಿಕೊಂಡ ನಂತರವೇ ಬಾಟಲಿ ತುಂಬುವುದು ಅಗತ್ಯ.