ಪ್ಯಾರಿಸ್‌ನ ರಿಬ್ಬನ್, ವೆಲ್ಲೂರಿನ ಪೇಟ

ಒಂದು ಮೊಳ ರಿಬ್ಬನ್ ಸಾಕು. ಅದರ ಒಂದು ಅಂಚಿನುದ್ದಕ್ಕೂ ದಾರ ಓಡಿಸಿ ಎಳೆದರೆ ನೆರಿಗೆ ಬಿದ್ದು ರಿಬ್ಬನ್ ತಾನಾಗಿ ದುಂಡಗೆ ಸುತ್ತಿಕೊಳ್ಳುತ್ತದೆ. ಎರಡೂ ತುದಿಗಳನ್ನು ಕೂಡಿಸಿ ಹೊಲಿದು, ನಡುವೆ ಒಂದು ಗುಂಡಿ ಕೂರಿಸಿದರೆ ರೊಸೆಟ್ ಸಿದ್ಧ. ಇಂದು ನಾಯಿ ಪ್ರದರ್ಶನಗಳಲ್ಲೂ ಕುದುರೆ ಸವಾರಿ ಸ್ಪರ್ಧೆಗಳಲ್ಲೂ ಬಹುಮಾನವಾಗಿ ಕೊಡುವ ಈ ರಿಬ್ಬನ್ ಹೂವು ಹದಿನೆಂಟನೆಯ ಶತಮಾನದ ಯುರೋಪಿನಲ್ಲಿ ಸೈನಿಕರ ಟೋಪಿಯ ಬದಿಯಲ್ಲಿತ್ತು. ಆಗ ಅದನ್ನು ಕಾಕೇಡ್ ಎನ್ನುತ್ತಿದ್ದರು. ಅದರ ಬಣ್ಣ ನೋಡಿದರೆ ಆ ಸೈನಿಕ ಯಾರ ಕಡೆಯವನೆಂದು ತಿಳಿಯುತ್ತಿತ್ತು.

ಅದನ್ನು ಜನಸಾಮಾನ್ಯರು ತಮ್ಮದಾಗಿಸಿಕೊಂಡದ್ದು 1789ರ ಜುಲೈ ತಿಂಗಳಲ್ಲಿ, ಫ್ರೆಂಚ್ ಕ್ರಾಂತಿಯ ಹೊತ್ತಿಗೆ.

ಜನರ ಮೆಚ್ಚಿನ ಮಂತ್ರಿ ನೆಕ್ಕರ್‌ನನ್ನು ದೊರೆ ಹದಿನಾರನೆಯ ಲೂಯಿ ವಜಾ ಮಾಡಿದ ಸುದ್ದಿ ಜುಲೈ 12ರ ಭಾನುವಾರ ಪ್ಯಾರಿಸ್ ಮುಟ್ಟಿತು. ಪಾಲೆ ರಾಯಲ್ ಉದ್ಯಾನದಲ್ಲಿ ಕಮೀಲ್ ದೆಮುಲಾಂ ಎಂಬ ಯುವ ಪತ್ರಕರ್ತ ಕಾಫಿ ಅಂಗಡಿಯ ಮೇಜು ಹತ್ತಿ, ಆಯುಧ ಹಿಡಿಯಿರಿ ಎಂದು ಜನರನ್ನು ಹುರಿದುಂಬಿಸಿದ. ನಮ್ಮವರ ಗುರುತಿಗೆ ಹಸಿರು ಇರಲಿ ಎಂದ. ಜನ ಕೈಗೆ ಸಿಕ್ಕ ಮರದ ಎಲೆಗಳನ್ನೇ ಕಿತ್ತು ಟೋಪಿಗೆ ಸಿಕ್ಕಿಸಿಕೊಂಡರು. ಆದರೆ ಹಸಿರು ದೊರೆಯ ತಮ್ಮ ಆರ್ತ್ವಾ ಪ್ರಭುವಿನ ಬಣ್ಣವೂ ಆಗಿತ್ತು. ಅದು ಹೊಳೆದದ್ದೇ ತಡ, ಎಲೆಗಳು ಬೀದಿಗೆ ಬಿದ್ದವು. ಪ್ಯಾರಿಸ್ ನಗರದ ಕೆಂಪು ಮತ್ತು ನೀಲಿ ಟೋಪಿ ಏರಿದವು. ಜನರ ದಾಳಿಗೆ ಬಾಸ್ತೀಲ್ ಕೋಟೆ ಬಿದ್ದ ಮೂರನೆಯ ದಿನ, ಜುಲೈ 17ರಂದು, ದೊರೆ ಪ್ಯಾರಿಸ್‌ಗೆ ಬರಬೇಕಾಯಿತು. ಮೇಯರ್ ಬೈಯಿ ಕೊಟ್ಟ ಕಾಕೇಡನ್ನು ಆತ ಎಲ್ಲರೆದುರು ತನ್ನ ಟೋಪಿಗೆ ಸಿಕ್ಕಿಸಿಕೊಂಡ. ನಗರದ ಎರಡು ಬಣ್ಣಗಳ ಜೊತೆ ರಾಜಮನೆತನದ ಬಿಳಿಯನ್ನು ಕೂಡಿಸಿದವನು ತಾನೇ ಎಂದು ರಾಷ್ಟ್ರೀಯ ರಕ್ಷಣಾ ದಳದ ನಾಯಕ ಲಾಫಾಯೆತ್ ಮುಂದೆ ಹೇಳಿಕೊಂಡ. ಫ್ರಾನ್ಸಿನ ಬಾವುಟಕ್ಕೆ ಮೂರು ಬಣ್ಣ ಬಂದದ್ದು ಈ ರಿಬ್ಬನ್ನಿನಿಂದ.

ಅದೇ ವರ್ಷದ ಅಕ್ಟೋಬರ್ 1ರಂದು ವರ್ಸಾಯ್ ಅರಮನೆಯಲ್ಲಿ ಸೇನಾಧಿಕಾರಿಗಳಿಗೆ ಔತಣ ನಡೆಯಿತು. ಅಲ್ಲಿ ಮೂರು ಬಣ್ಣದ ಕಾಕೇಡನ್ನು ಕಾಲಲ್ಲಿ ತುಳಿದರಂತೆ ಎಂಬ ಸುದ್ದಿ ಪ್ಯಾರಿಸ್ಸಿನ ಮಾರುಕಟ್ಟೆಗಳಿಗೆ ಹಬ್ಬಿತು. ರೊಟ್ಟಿಯ ಬೆಲೆ ಏರಿ ಮೊದಲೇ ಕಂಗಾಲಾಗಿದ್ದ ಹೆಂಗಸರಿಗೆ ಇದು ಗಾಯದ ಮೇಲೆ ಬರೆ. ಅಕ್ಟೋಬರ್ 5ರಂದು ಸಾವಿರಾರು ಹೆಂಗಸರು ಮಳೆಯಲ್ಲೇ ವರ್ಸಾಯ್‌ಗೆ ನಡೆದುಹೋದರು. ಮರುದಿನ ರಾಜ ಪರಿವಾರವನ್ನು ಪ್ಯಾರಿಸ್‌ಗೆ ಕರೆತಂದೇ ತೀರಿದರು.

ಜನ ಮನಸಾರೆ ಧರಿಸಿದ್ದನ್ನು ಸರ್ಕಾರ ಕಡ್ಡಾಯ ಮಾಡಲು ಹೆಚ್ಚು ಕಾಲ ಹಿಡಿಯಲಿಲ್ಲ. 1792ರ ಜುಲೈನಲ್ಲಿ ಗಂಡಸರಿಗೆ, 1793ರ ಸೆಪ್ಟೆಂಬರ್ 21ರಂದು ಹೆಂಗಸರಿಗೂ ಕಾಕೇಡ್ ಕಡ್ಡಾಯವಾಯಿತು. ಧರಿಸಬೇಕೆಂದು ಒತ್ತಾಯಿಸಿದ ಮಹಿಳಾ ಕ್ಲಬ್ಬಿನವರಿಗೂ ಒಲ್ಲೆನೆಂದ ಮಾರುಕಟ್ಟೆಯ ಹೆಂಗಸರಿಗೂ ಬೀದಿಯಲ್ಲೇ ಕೈಕೈ ಮಿಲಾಯಿಸಿತು. ಆ ಜಗಳವನ್ನೇ ನೆಪ ಮಾಡಿಕೊಂಡ ಸರ್ಕಾರ ಅಕ್ಟೋಬರ್ ಕೊನೆಗೆ ಮಹಿಳಾ ಕ್ಲಬ್ಬುಗಳನ್ನೆಲ್ಲ ಮುಚ್ಚಿಸಿತು.

ಬಲವಂತದ ಕಾಕೇಡಿಗೆ ಇನ್ನೂ ದೊಡ್ಡ ಬೆಲೆ ತೆತ್ತದ್ದು ನಮ್ಮ ಪಕ್ಕದ ವೆಲ್ಲೂರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪು ಸುಲ್ತಾನನ ಮಕ್ಕಳನ್ನು ಈಸ್ಟ್ ಇಂಡಿಯಾ ಕಂಪನಿ ವೆಲ್ಲೂರು ಕೋಟೆಯೊಳಗಿನ ಮಹಲುಗಳಲ್ಲಿ ಇರಿಸಿತ್ತು. ಅವರ ಕಾವಲಿಗಿದ್ದ ಮದ್ರಾಸ್ ಸೇನೆಯ ಸಿಪಾಯಿಗಳಿಗೆ, ದಂಡನಾಯಕ ಸರ್ ಜಾನ್ ಕ್ರಾಡಕ್‌ನ ಕಾಲದಲ್ಲಿ ಹೊಸ ಕಟ್ಟಳೆಗಳು ಬಂದವು. ಹಣೆಗೆ ವಿಭೂತಿ, ನಾಮ ಬೇಡ, ಕಿವಿಗೆ ಓಲೆ ಬೇಡ, ಗಡ್ಡ ಇರಕೂಡದು, ತಲೆಗೆ ಹೊಸ ಮಾದರಿಯ ಪೇಟ. ಬಿಳಿಯರ ಟೋಪಿಯನ್ನೇ ಹೋಲುತ್ತಿದ್ದ ಆ ಪೇಟದ ಮೇಲೆ ಒಂದು ಕಾಕೇಡ್ ಇತ್ತು. ಈ ಕಾಕೇಡ್ ರಿಬ್ಬನ್ನಿನದಲ್ಲ, ತೊಗಲಿನದು.

ಯಾವ ಪ್ರಾಣಿಯ ತೊಗಲು? ಹಸುವಿನದಾದರೆ ಹಿಂದೂ ಸಿಪಾಯಿ ಮುಟ್ಟುವಂತಿಲ್ಲ, ಹಂದಿಯದಾದರೆ ಮುಸ್ಲಿಂ ಸಿಪಾಯಿ ಮುಟ್ಟುವಂತಿಲ್ಲ. ಟೋಪಿ ತೊಡಿಸುವುದು ಕ್ರೈಸ್ತರನ್ನಾಗಿ ಮಾಡುವ ಮೊದಲ ಹೆಜ್ಜೆ ಎಂಬ ಭಯ ಬೇರೆ. 1806ರ ಮೇ ತಿಂಗಳಲ್ಲಿ ವೆಲ್ಲೂರಿನ ಕೆಲವು ಸಿಪಾಯಿಗಳು ಪೇಟವನ್ನು ಒಲ್ಲೆವೆಂದರು. ಒಬ್ಬ ಹಿಂದೂ, ಒಬ್ಬ ಮುಸ್ಲಿಂ, ಇಬ್ಬರಿಗೂ ತಲಾ 900 ಛಡಿ ಏಟಿನ ಶಿಕ್ಷೆ ವಿಧಿಸಿ ಕೆಲಸದಿಂದ ಕಿತ್ತುಹಾಕಿದರು. ಉಳಿದವರು ಬಾಯಿ ಮುಚ್ಚಿಕೊಂಡರು; ಎಲ್ಲ ತಣ್ಣಗಾಯಿತೆಂದು ಅಧಿಕಾರಿಗಳು ನಂಬಿದರು.

ಜುಲೈ 9ರಂದು ಕೋಟೆಯಲ್ಲಿ ಟಿಪ್ಪುವಿನ ಮಗಳೊಬ್ಬಳ ಮದುವೆ. 10ರ ನಸುಕಿಗೆ ಮೊದಲೇ ಸಿಪಾಯಿಗಳು 69ನೆಯ ರೆಜಿಮೆಂಟಿನ ಬ್ರಿಟಿಷ್ ಸೈನಿಕರ ಮೇಲೆ ಬಿದ್ದರು. ನೂರಕ್ಕೂ ಹೆಚ್ಚು ಬಿಳಿಯ ಸೈನಿಕರು ಸತ್ತರು. ಕೋಟೆಯ ಮೇಲೆ ಹುಲಿಪಟ್ಟೆಯ ಮೈಸೂರು ಬಾವುಟ ಹಾರಿತು. ಆದರೆ ಕರ್ನಲ್ ರೊಲೊ ಗಿಲೆಸ್ಪಿ ಆರ್ಕಾಟಿನಿಂದ ಕುದುರೆ ಪಡೆಯೊಂದಿಗೆ ಧಾವಿಸಿ ಬಂದು ಅಂದೇ ಕೋಟೆಯನ್ನು ಮರಳಿ ಹಿಡಿದ. ಮಹಲಿನಲ್ಲಿ ಆಶ್ರಯ ಪಡೆದಿದ್ದ ಸಿಪಾಯಿಗಳನ್ನು ಹೊರಗೆಳೆದು ಗೋಡೆಗೆ ನಿಲ್ಲಿಸಿ ಗುಂಡಿಕ್ಕಿದರು. ಸತ್ತ ಸಿಪಾಯಿಗಳ ಲೆಕ್ಕ ನೂರಾರು.

ದಂಗೆಗೆ ಪೇಟ ಕಾರಣವೋ, ಮೈಸೂರಿನ ರಾಜಕುಮಾರರು ಕಾರಣವೋ ಎಂಬ ಚರ್ಚೆ ಅಂದೇ ಶುರುವಾಯಿತು. ತನಿಖಾ ಆಯೋಗ ಎರಡನ್ನೂ ಕಾರಣವೆಂದಿತು. ಟಿಪ್ಪುವಿನ ಕುಟುಂಬವನ್ನು ದೂರದ ಕಲ್ಕತ್ತೆಗೆ ಸಾಗಿಸಿದರು. ಹೊಸ ಪೇಟದ ಕಟ್ಟಳೆಯನ್ನು ಸರ್ಕಾರ ಹಿಂದಕ್ಕೆ ಪಡೆಯಿತು. ಕ್ರಾಡಕ್‌ನನ್ನೂ ಮದ್ರಾಸಿನ ಗವರ್ನರ್ ವಿಲಿಯಂ ಬೆಂಟಿಂಕ್‌ನನ್ನೂ ಲಂಡನ್ ವಾಪಸು ಕರೆಸಿಕೊಂಡಿತು. 1857ರ ತೋಟಾಗಳ ದಂಗೆಗೆ ಅರ್ಧ ಶತಮಾನ ಮೊದಲೇ ಕಂಪನಿಗೆ ಎಚ್ಚರಿಕೆ ಸಿಕ್ಕಿತ್ತು, ಅದನ್ನು ಅದು ಮರೆಯಿತು.

ಇತ್ತ ಬ್ರಿಟನ್ನಿನಲ್ಲಿ ಕಾಕೇಡ್ ಚುನಾವಣೆಯ ಕಣಕ್ಕಿಳಿದಿತ್ತು. ನಮ್ಮಲ್ಲಿ ಪಕ್ಷದ ಶಾಲು ಹೇಗೋ ಅಲ್ಲಿ ರೊಸೆಟ್ ಹಾಗೆ. ಅಭ್ಯರ್ಥಿಗಳು ರಿಬ್ಬನ್ ಹಂಚುವುದು ಮತದಾರರನ್ನು ಕೊಳ್ಳುವ ದಾರಿಯೇ ಆದಾಗ, 1883ರ ಚುನಾವಣಾ ಭ್ರಷ್ಟಾಚಾರ ತಡೆ ಕಾಯ್ದೆ ವಾದ್ಯ, ಪಂಜು, ಬಾವುಟಗಳ ಜೊತೆ ಕಾಕೇಡಿಗೆ ಹಣ ಸುರಿಯುವುದನ್ನೂ ನಿಷೇಧಿಸಿತು. ಈಗಲೂ ಅಲ್ಲಿ ಮತ ಎಣಿಕೆಯ ರಾತ್ರಿ ಲೇಬರ್ ಅಭ್ಯರ್ಥಿಯ ಎದೆಯ ಮೇಲೆ ಕೆಂಪು, ಕನ್ಸರ್ವೇಟಿವ್ ಅಭ್ಯರ್ಥಿಯ ಎದೆಯ ಮೇಲೆ ನೀಲಿ ರೊಸೆಟ್ ಇರುತ್ತದೆ.

ಕಾಕೇಡ್ ಆಮೇಲೆ ಆಕಾಶಕ್ಕೂ ಏರಿತು. 1912ರಲ್ಲಿ ಫ್ರಾನ್ಸ್ ತನ್ನ ಸೇನಾ ವಿಮಾನಗಳ ಮೇಲೆ ಕಾಕೇಡಿನ ಮೂರು ಬಳೆಗಳನ್ನು ಬಳಿಯಿತು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ವಿಮಾನಗಳ ಮೇಲಿನ ಯೂನಿಯನ್ ಜಾಕ್ ನೆಲದಿಂದ ನೋಡುವವರಿಗೆ ಜರ್ಮನ್ ಶಿಲುಬೆಯಂತೆ ಕಂಡು, ತಮ್ಮವರೇ ತಮ್ಮವರ ಮೇಲೆ ಗುಂಡು ಹಾರಿಸುವಂತಾಯಿತು. ಬ್ರಿಟಿಷರು ಫ್ರೆಂಚರ ಬಳೆಗಳನ್ನೇ ಬಣ್ಣ ತಿರುವುಮುರುವು ಮಾಡಿ ಎತ್ತಿಕೊಂಡರು. ಅದೇ ಗುರುತು ಬ್ರಿಟಿಷ್ ಕಾಲದ ಭಾರತೀಯ ವಾಯುಪಡೆಗೂ ಬಂತು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾ ಕಡೆ ಹಾರುವಾಗ ಜಪಾನಿನ ಕೆಂಪು ಸೂರ್ಯನೆಂದು ಯಾರೂ ತಪ್ಪು ತಿಳಿಯದಿರಲಿ ಎಂದು ನಡುವಿನ ಕೆಂಪನ್ನು ಅಳಿಸಿದರು. ಸ್ವಾತಂತ್ರ್ಯದ ಬಳಿಕ ಆ ಬಳೆಗಳಿಗೆ ಕೇಸರಿ, ಬಿಳಿ, ಹಸಿರು ಬಂದವು. ಬೆಂಗಳೂರಿನ ಎಚ್‌ಎಎಲ್ ಕಟ್ಟುವ ತೇಜಸ್ ಯುದ್ಧವಿಮಾನದ ಮೇಲೂ ಇರುವುದು ಅದೇ ಗುರುತು.