ನೆರೆಯಲ್ಲಿ ಮುಳುಗದ ಚೀಟಿ

ನಿಮ್ಮ ಮನೆಯ ಹಿರಿಯರು ದಿನನಿತ್ಯ ಸೇವಿಸುವ ಮಾತ್ರೆಗಳ ಹೆಸರನ್ನು ನೀವು ಬಲ್ಲಿರಾ?

2005ರ ಆಗಸ್ಟ್ 29ರಂದು ಕತ್ರಿನಾ ಚಂಡಮಾರುತವು ಅಮೆರಿಕದ ಲೂಸಿಯಾನ ಕರಾವಳಿಗೆ ಅಪ್ಪಳಿಸಿತು. ಪ್ರವಾಹದ ಒಡ್ಡುಗಳು ಒಡೆದು ನ್ಯೂ ಆರ್ಲಿಯನ್ಸ್ ನಗರದ ಶೇಕಡಾ 80ರಷ್ಟು ಭಾಗ ಜಲಾವೃತವಾಯಿತು. ಬಡವರ ಆಸರೆಯಾಗಿದ್ದ ಚಾರಿಟಿ ಆಸ್ಪತ್ರೆಗೂ ನೀರು ನುಗ್ಗಿತು. ಝಾನ್ ಲೂಯಿ ಎಂಬಾತನು ಉಯಿಲಿನಲ್ಲಿ ಬಿಟ್ಟುಹೋದ ಹಣದಿಂದ 1736ರಲ್ಲಿ ಆರಂಭವಾಗಿ, 1834ರಿಂದ ಡಾಟರ್ಸ್ ಆಫ್ ಚಾರಿಟಿ ಸಭೆಯ ಧರ್ಮಭಗಿನಿಯರ ಸೇವೆಯನ್ನು ಕಂಡಿದ್ದ ಆ ಸಂಸ್ಥೆಯ ಬಾಗಿಲು ಮತ್ತೆಂದೂ ತೆರೆಯಲಿಲ್ಲ.

ಜೀವ ಉಳಿಸಿಕೊಂಡು ಪರಊರು ಸೇರಿದವರಲ್ಲಿ ಸಕ್ಕರೆ ಕಾಯಿಲೆಯವರೂ ರಕ್ತದೊತ್ತಡದವರೂ ಬಹಳಷ್ಟಿದ್ದರು. ಮಾತ್ರೆಗಳೊಡನೆ ವೈದ್ಯರ ಕಾಗದದ ದಾಖಲೆಗಳೂ ನೀರುಪಾಲಾಗಿದ್ದವು. ಔಷಧದ ಹೆಸರೂ ಪ್ರಮಾಣವೂ ತಿಳಿಯದೆ, ಹೊಸ ವೈದ್ಯರು ಏನೆಂದು ಬರೆದುಕೊಟ್ಟಾರು?

ಆದರೆ ಮಾಜಿ ಸೈನಿಕರ ಸರಕಾರಿ ಆಸ್ಪತ್ರೆಯ ರೋಗಿಗಳ ಸ್ಥಿತಿ ಬೇರೆಯಾಗಿತ್ತು. ಅವರ ದಾಖಲೆಗಳು ಗಣಕಯಂತ್ರದಲ್ಲಿದ್ದುದರಿಂದ ಆಸ್ಪತ್ರೆ ಮುಚ್ಚಿದರೂ ಅನ್ಯ ನಗರಗಳ ವೈದ್ಯರು ಅವನ್ನು ನೋಡಿ ಚಿಕಿತ್ಸೆ ಮುಂದುವರಿಸಿದರು. ಇತರ ಸಂತ್ರಸ್ತರಿಗಾಗಿ, ಔಷಧದಂಗಡಿಗಳ ದಾಖಲೆಗಳನ್ನು ಒಂದೆಡೆ ಕೂಡಿಸಿ ವೈದ್ಯರಿಗೆ ಒದಗಿಸುವ 'ಕತ್ರಿನಾಹೆಲ್ತ್' ಎಂಬ ಸೇವೆ ಅದೇ ಸೆಪ್ಟೆಂಬರಿನಲ್ಲಿ ಆರಂಭವಾಯಿತು.

ಈ ಇತಿಹಾಸದ ಪಾಠ ಸರಳವಾದುದು: ಆಪತ್ತಿನಲ್ಲಿ ಔಷಧದಷ್ಟೇ ಔಷಧದ ನೆನಪೂ ಜೀವರಕ್ಷಕ. 2018ರಲ್ಲಿ ನಮ್ಮ ಕೊಡಗು ಕೂಡ ಭೂಕುಸಿತ, ಪ್ರವಾಹಗಳನ್ನು ಕಂಡಿದೆ. ಆದುದರಿಂದ ಇಂದೇ ಮನೆಮಂದಿಯ ಕಾಯಿಲೆ, ಔಷಧ, ಪ್ರಮಾಣಗಳನ್ನು ಒಂದು ಚೀಟಿಯಲ್ಲಿ ಬರೆದಿಡಿ. ಅದರ ಪ್ರತಿಯೊಂದನ್ನು ದೂರದೂರಿನ ಬಂಧುಗಳಿಗೂ ಕೊಟ್ಟಿರಿ. ನೆರೆಮನೆಯಲ್ಲಿ ಒಂಟಿಯಾಗಿರುವ ಅಜ್ಜಿಗೂ ಅಂತಹ ಚೀಟಿಯೊಂದನ್ನು ಬರೆದುಕೊಡಲು ಮರೆಯದಿರಿ.