ಉಸಿರು, ಊಪಿರಿ, ದಮ್ಮು

ಬಾನುಲಿ ಕೇಂದ್ರದ ಈ ಕಿರುಕೋಣೆಗೆ ನನ್ನನ್ನು ಕರೆತಂದು ಕೂರಿಸಿದ ಮಿತ್ರರು ಒಂದೇ ಒಂದು ಎಚ್ಚರಿಕೆ ಕೊಟ್ಟರು: ಉಸಿರೆಳೆದುಕೊಳ್ಳುವಾಗ ಮುಖವನ್ನು ತುಸು ಆಚೆಗೆ ತಿರುಗಿಸಬೇಕು, ಇಲ್ಲವಾದರೆ ಕೇಳುವವರಿಗೆ ನನ್ನ ಮಾತಿಗಿಂತ ಮೊದಲು ಉಸಿರೇ ಕೇಳಿಸುತ್ತದೆ. ಮಾತು ಬೇಕು, ಉಸಿರು ಬೇಡ ಎಂಬ ಈ ವಿಂಗಡಣೆ ನಮ್ಮ ಪೂರ್ವಿಕರಿಗೆ ವಿಚಿತ್ರವೆನಿಸುತ್ತಿತ್ತೇನೋ. ಹಳಗನ್ನಡದಲ್ಲಿ 'ಉಸಿರ್' ಎಂಬ ಧಾತುವಿಗೆ ಉಸಿರಾಡು ಎಂಬ ಅರ್ಥವೂ ಉಂಟು, ನುಡಿ, ಹೇಳು ಎಂಬ ಅರ್ಥವೂ ಉಂಟು. ನಡುಗನ್ನಡದ ಕಾವ್ಯಗಳಲ್ಲಿ ದೂತನು ವಾರ್ತೆಯನ್ನು ಉಸುರುತ್ತಾನೆ, ಸಖಿಯು ಗುಟ್ಟನ್ನು ಉಸುರುತ್ತಾಳೆ. ಇಂದಿಗೂ 'ಈ ವಿಷಯ ಯಾರ ಮುಂದೆಯೂ ಉಸಿರೆತ್ತಬೇಡ' ಎನ್ನುವಾಗ ನಾವು ಮೂಗು ಮುಚ್ಚಿಕೊಳ್ಳಲು ಹೇಳುತ್ತಿಲ್ಲ, ಬಾಯಿ ಮುಚ್ಚಿಕೊಳ್ಳಲು ಹೇಳುತ್ತಿದ್ದೇವೆ.

13ನೆಯ ಶತಮಾನದ ವೈಯಾಕರಣ ಕೇಶಿರಾಜ ತನ್ನ 'ಶಬ್ದಮಣಿದರ್ಪಣ'ದಲ್ಲಿ ನುಡಿಯ ಹುಟ್ಟನ್ನು ವಿವರಿಸುವಾಗ ಉಸಿರಿನಿಂದಲೇ ಆರಂಭಿಸುತ್ತಾನೆ. ಜೀವನ ಇಚ್ಛೆಯೂ ಅನುಕೂಲವಾದ ಗಾಳಿಯೂ ಕೂಡಿದಾಗ ಹೊಕ್ಕುಳಿನ ಬುಡದಲ್ಲಿ, ಕಹಳೆಯ ಬಗೆಯಲ್ಲಿ, ಶಬ್ದವು ಮೂಡುತ್ತದೆಯಂತೆ. ಅದರ ಬಣ್ಣ ಬಿಳಿಯಂತೆ. ಆ ಬಿಳುಪು ನಮಗೆ ಕವಿಕಲ್ಪನೆಯಾಗಿ ಕಾಣಬಹುದು. ಆದರೆ ಗಾಳಿಯಿಲ್ಲದೆ ಕಹಳೆಯಿಲ್ಲ ಎಂಬುದನ್ನು ಯಾವ ಧ್ವನಿಶಾಸ್ತ್ರಜ್ಞನೂ ಅಲ್ಲಗಳೆಯಲಾರ.

ನನಗೆ ಈ ಪದದ ಗೀಳು ಹತ್ತಿದ್ದು ಮಧುಗಿರಿಯ ಹೈಸ್ಕೂಲಿನಲ್ಲಿ, ಅದೂ ಇಂಗ್ಲಿಷ್ ತರಗತಿಯಲ್ಲಿ. ನಮ್ಮ ಮೇಷ್ಟರು ವಾರಕ್ಕೊಮ್ಮೆ ಕರಿಹಲಗೆಯ ಮೇಲೆ ಇಂಗ್ಲಿಷಿನ ನುಡಿಗಟ್ಟುಗಳನ್ನು ಬರೆದು ಬಾಯಿಪಾಠ ಮಾಡಿಸುತ್ತಿದ್ದರು. ಒಂದು ವಾರ ಎಲ್ಲವೂ ಉಸಿರಿನವೇ. ಇಂಗ್ಲಿಷಿನವನು ಉಸಿರನ್ನು ಕಳೆದುಕೊಳ್ಳುತ್ತಾನೆ, ಮತ್ತೆ ಹಿಡಿದುಕೊಳ್ಳುತ್ತಾನೆ, ವೃಥಾ ವ್ಯಯ ಮಾಡುತ್ತಾನೆ, ಉಳಿತಾಯ ಮಾಡುತ್ತಾನೆ. 'ನಿನ್ನ ಉಸಿರನ್ನು ನಿನ್ನ ಗಂಜಿ ಆರಿಸುವುದಕ್ಕೆ ಉಳಿಸಿಕೋ' ಎಂಬ ಅವರ ಗಾದೆಯನ್ನು ಮೇಷ್ಟರು 'ಅಂಬಲಿ' ಎಂದು ತಿದ್ದಿ ಹೇಳಿದಾಗ ಇಡೀ ತರಗತಿ ನಕ್ಕಿತು. ನಕ್ಕರೂ ನನಗೊಂದು ಸಂಶಯ ಉಳಿಯಿತು. ಇಂಗ್ಲಿಷಿನಲ್ಲಿ ಉಸಿರು ಜೇಬಿನೊಳಗಿನ ದುಡ್ಡಿನಂತೆ. ಕನ್ನಡದಲ್ಲಿ ಅದು ಆಡುತ್ತದೆ. ಮಾತು ಆಡುವಂತೆ, ಮಗು ಆಡುವಂತೆ, ಉಸಿರೂ ಆಡುತ್ತದೆ. ನಾವು ಅದನ್ನು ಹೆಚ್ಚೆಂದರೆ ಬಿಡುತ್ತೇವೆ, ಇಲ್ಲವೆ ಬಿಗಿಹಿಡಿಯುತ್ತೇವೆ. ವ್ಯರ್ಥವಾಗಿ ಮಾತಾಡಿದವನು ಕನ್ನಡದಲ್ಲಿ ಉಸಿರನ್ನು ಪೋಲು ಮಾಡುವುದಿಲ್ಲ. ಗಂಟಲು ಹರಿದುಕೊಳ್ಳುತ್ತಾನೆ, ಬಾಯಿ ನೋಯಿಸಿಕೊಳ್ಳುತ್ತಾನೆ.

ಲ್ಯಾಟಿನ್ನಿನ 'ಸ್ಪಿರಾರೆ' ಎಂದರೆ ಉಸಿರಾಡುವುದು. ಒಳಗೆ ಉಸಿರೂದಿದರೆ ಇನ್‌ಸ್ಪೈರ್, ಹೊರಗೆ ಬಿಟ್ಟು ಮುಗಿಸಿದರೆ ಎಕ್ಸ್‌ಪೈರ್, ಕೂಡಿ ಉಸಿರಾಡಿದರೆ ಕಾನ್‌ಸ್ಪೈರ್, ಎಂದರೆ ಒಳಸಂಚು. ಇಂದು ಔಷಧದಂಗಡಿಯ ಹುಡುಗನೊಬ್ಬ ಮಾತ್ರೆಯ ಪಟ್ಟಿಯನ್ನು ತಿರುಗಿಸಿ ನೋಡಿ 'ಎಕ್ಸ್‌ಪೈರಿ ಆಗಿದೆ' ಎಂದರೆ, ಆ ಮಾತ್ರೆ ಕೊನೆಯುಸಿರೆಳೆದಿದೆ ಎಂದು ತನಗರಿವಿಲ್ಲದೆಯೇ ಹೇಳಿದಂತಾಯಿತು. ಸಂಸ್ಕೃತದ 'ಆತ್ಮ'ಕ್ಕೂ ಜರ್ಮನ್ ಭಾಷೆಯ 'ಆಟೆಮ್'ಗೂ ನಂಟುಂಟು. ಆಟೆಮ್ ಎಂದರೆ ಬರಿಯ ಉಸಿರು. 1894ರಲ್ಲಿ ಮಂಗಳೂರಿನಲ್ಲಿ ತಮ್ಮ ಕನ್ನಡ-ಇಂಗ್ಲಿಷ್ ನಿಘಂಟನ್ನು ಅಚ್ಚು ಮಾಡಿಸಿದ ಕಿಟೆಲ್ ಅವರು ಜರ್ಮನರು. 'ಆತ್ಮ' ಎಂಬ ಪದವನ್ನು ಬರೆದುಕೊಳ್ಳುವಾಗ ತಮ್ಮ ಮನೆಯ ಮಾತಿನ ಸದ್ದು ಅವರ ಕಿವಿಗೆ ಬಿದ್ದಿರದೆ ಹೋದೀತೆ?

ನಿಘಂಟಿನ ಮಾತು ಬಂದುದರಿಂದ ಒಂದು ಊರ ಹೆಮ್ಮೆಯನ್ನೂ ಹೇಳಿಬಿಡುತ್ತೇನೆ. ಜಿ. ವೆಂಕಟಸುಬ್ಬಯ್ಯನವರು (1913-2021) ಬಾಲ್ಯದಲ್ಲಿ ಮಧುಗಿರಿಯ ಸರ್ಕಾರಿ ಶಾಲೆಯಲ್ಲಿಯೂ ಓದಿದವರು. ಮುಂದೆ ಅವರ ಮುಂದಾಳುತನದಲ್ಲಿ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟು 8 ಸಂಪುಟಗಳಲ್ಲಿ ಹೊರಬಂದಿತು. ಶಾಲೆ ಬಿಟ್ಟ ಹೊತ್ತಿನಲ್ಲಿ ಅವರೂ ಊರಿನ ಬಂಡೆಬೆಟ್ಟದತ್ತ ತಲೆಯೆತ್ತಿ ನೋಡಿರಬೇಕು. ಸಮುದ್ರಮಟ್ಟದಿಂದ ಸುಮಾರು 3,900 ಅಡಿ ಎತ್ತರದ ಆ ಒಂಟಿ ಕಲ್ಲಿನ ಮೇಲೆ ಕೋಟೆಯ ಬಾಗಿಲುಗಳನ್ನು ಒಂದೊಂದಾಗಿ ದಾಟಿ ಹತ್ತುವವನಿಗೆ ಉಸಿರಿನ ಪರ್ಯಾಯಪದಗಳೆಲ್ಲ ಅನುಭವಕ್ಕೆ ಬರುತ್ತವೆ. ಮೊದಲು ಏದುಸಿರು, ಆಮೇಲೆ ತೇಕು, ನೆರಳು ಸಿಕ್ಕಿದಾಗ 'ಉಸ್ಸಪ್ಪಾ' ಎಂಬ ಸುಯ್ಲು. ಕೊರಟಗೆರೆಯ ಕಡೆಯವಳಾದ ನನ್ನ ಅಜ್ಜಿಗೆ ಇವುಗಳೊಳಗಿನ ಭೇದ ಚೆನ್ನಾಗಿ ಗೊತ್ತಿತ್ತು. ಅವಳಿಗೆ ಗೂರಲು ರೋಗವಿತ್ತು. ಸಿದ್ಧರಬೆಟ್ಟಕ್ಕೆ ಹೋಗಿಬಂದವರು ತರುತ್ತಿದ್ದ ಸೊಪ್ಪುಗಳಲ್ಲಿ ಆಡುಸೋಗೆಯನ್ನು ಆರಿಸಿ ಕಷಾಯ ಕಾಯಿಸುತ್ತಿದ್ದಳು. 'ಇವತ್ತು ತೇಕು ಮಾತ್ರ, ಗೂರಲಿಲ್ಲ' ಎಂದು ಅವಳು ಹೇಳಿದ ದಿನ ಮನೆಯಲ್ಲಿ ಎಲ್ಲರಿಗೂ ನೆಮ್ಮದಿ. 2021ರ ಬೇಸಗೆಯಲ್ಲಿ, ಪಠ್ಯಪುಸ್ತಕದ 'ಆಮ್ಲಜನಕ'ವನ್ನು ಬದಿಗಿಟ್ಟು ಪತ್ರಿಕೆಗಳು 'ಪ್ರಾಣವಾಯು' ಎಂದು ಬರೆಯತೊಡಗಿದಾಗ ನನಗೆ ಅವಳ ನೆನಪಾಯಿತು. ಆಪತ್ಕಾಲದಲ್ಲಿ ಜನ ಹಳೆಯ ಪದವನ್ನೇ ಹುಡುಕುತ್ತಾರೆ.

ಶಿರಾದ ಕಡೆಗೆ ಹೊರಳಿದರೆ ಉಸಿರಿಗೆ ಇನ್ನೊಂದು ಹೆಸರು. ಫಾರ್ಸಿಯಲ್ಲಿ 'ದಮ್' ಎಂದರೆ ಉಸಿರು. ವಿಜಾಪುರದ ಆದಿಲಶಾಹಿಗಳ ಅಧಿಕಾರಿ ಮಲಿಕ್ ರಿಹಾನನ ಗೋರಿ ಶಿರಾದಲ್ಲಿದೆ. 1687ರಲ್ಲಿ ಮೊಗಲರು ವಿಜಾಪುರದ ಈ ಸೀಮೆಯನ್ನು ವಶಪಡಿಸಿಕೊಂಡು ಶಿರಾವನ್ನೇ ಸುಬಾದ ರಾಜಧಾನಿಯನ್ನಾಗಿ ಮಾಡಿದರು. ದಿಲಾವರ ಖಾನನ ಕಾಲಕ್ಕೆ ಅಲ್ಲಿ 50,000 ಮನೆಗಳಿದ್ದವೆಂದು ಗ್ಯಾಸೆಟಿಯರು ಹೇಳುತ್ತದೆ. 1761ರಲ್ಲಿ ಅದು ಹೈದರನ ವಶವಾಯಿತು. ಟಿಪ್ಪುವಿನ ಕಾಲದಲ್ಲಿ 12,000 ಕುಟುಂಬಗಳನ್ನು ಅಲ್ಲಿಂದ ಎಬ್ಬಿಸಿ ಶ್ರೀರಂಗಪಟ್ಟಣದ ಗಂಜಾಮಿಗೆ ಒಯ್ದರು. ಅರಮನೆ ಬಿದ್ದಿತು, ತೋಟ ಒಣಗಿತು, ಕಚೇರಿಯ ಭಾಷೆ ಹೋಯಿತು. ದಮ್ಮು ಮಾತ್ರ ಹೋಗಲಿಲ್ಲ. ಅದು ಶಿರಾ ಒಂದರಿಂದಲೇ ಕನ್ನಡಕ್ಕೆ ಬಂತೆಂದು ನಾನು ವಾದಿಸುವುದಿಲ್ಲ. ವಿಜಾಪುರ, ಶ್ರೀರಂಗಪಟ್ಟಣಗಳ ದಂಡಿನ ದಾರಿಗಳೆಲ್ಲ ಅದಕ್ಕೆ ತೆರೆದಿದ್ದವು. ಆದರೆ ಬಂದ ಮೇಲೆ ಅದು ನಮ್ಮಲ್ಲಿ ಬೆಳೆದ ಬಗೆ ನೋಡಬೇಕು. ಕಬಡ್ಡಿಯ ಹುಡುಗ ದಮ್ಮು ಹಿಡಿಯುತ್ತಾನೆ, ಮುದುಕನಿಗೆ ದಮ್ಮು ಬರುತ್ತದೆ, ಬೀಡಿಯವನು ದಮ್ಮು ಎಳೆಯುತ್ತಾನೆ, ಜಗಳಗಂಟ 'ದಮ್ಮಿದ್ದರೆ ಬಾ' ಎನ್ನುತ್ತಾನೆ, ಅಡುಗೆಯವನು ಪಾತ್ರೆಯ ಬಾಯಿಗೆ ಹಿಟ್ಟು ಮೆತ್ತಿ ಬಿರಿಯಾನಿಗೆ ದಮ್ಮು ಕಟ್ಟುತ್ತಾನೆ. ಉಸಿರು, ರೋಗ, ಹೊಗೆ, ಎದೆಗಾರಿಕೆ, ಹಬೆ ಎಲ್ಲವೂ ಒಂದೇ ಪದದಲ್ಲಿ. 'ದಮ್ಮಯ್ಯ' ಎಂಬ ಮಾತನ್ನು ಮಾತ್ರ ಈ ಸಾಲಿಗೆ ಸೇರಿಸಬಾರದು. ಅದು ಧರ್ಮ ಎಂಬುದರ ತದ್ಭವವಾದ 'ದಮ್ಮ'ದಿಂದ ಬಂದದ್ದು. ದಮ್ಮು ಇಲ್ಲದವನ ಮಾತಾದರೂ ದಮ್ಮಿನ ನೆಂಟನಲ್ಲ.

ಪಾವಗಡದ ಕಥೆ ಬೇರೆ. ಮಡಕಶಿರಾ, ಪೆನುಕೊಂಡ, ಕಲ್ಯಾಣದುರ್ಗಗಳ ನೆರೆಯ ಈ ತಾಲ್ಲೂಕಿನಲ್ಲಿ ಮನೆಯ ಮಾತು ಬಹುಮಟ್ಟಿಗೆ ತೆಲುಗು, ಕಾಗದದ ಮಾತು ಕನ್ನಡ. ನಮ್ಮ 'ಉಸಿರ್' ತಮಿಳಿನಲ್ಲಿ 'ಉಯಿರ್' ಆಗಿ ಜೀವವೆಂಬ ಅರ್ಥ ಪಡೆಯಿತು. ತಮಿಳು ವ್ಯಾಕರಣದಲ್ಲಿ ಸ್ವರಾಕ್ಷರಗಳ ಹೆಸರೇ ಉಯಿರ್. ತೆಲುಗಿನಲ್ಲಿ ಗಾಳಿಯ ಉಸಿರು 'ಊಪಿರಿ', 'ಉಸುರು' ಎಂದರೆ ಜೀವ. ಇಷ್ಟನ್ನು ನಾನು ಪುಸ್ತಕದಿಂದ ಅರಿತಿದ್ದೆ. ಇಷ್ಟೇ ಅರಿತಿದ್ದುದು ಕೇಡಾಯಿತು.

1979ರಲ್ಲಿ, ಕೆಲಸವಿಲ್ಲದ ದಿನಗಳಲ್ಲಿ, ಆ ಸೀಮೆಯ ಒಂದು ಕಚೇರಿಯ ಮುಂದಿನ ಹುಣಸೆಮರದಡಿ ಅರ್ಜಿ ಬರೆಯುತ್ತಿದ್ದ ನನ್ನ ಸೋದರಮಾವನಿಗೆ ಸಹಾಯಕನಾಗಿ ಕುಳಿತಿದ್ದೆ. ಗಂಡ ಸತ್ತ ಹೆಂಗಸೊಬ್ಬಳು ಬಂದಳು. ಅವಳ ಪಾಲಿನ ಹೊಲವನ್ನು ಮೈದುನ ಉಳುತ್ತಿದ್ದ. ಮಾವ ಊರಲ್ಲಿರಲಿಲ್ಲ; ನಾನೇ ಬರೆದೆ. ಅವಳು ಅಳುತ್ತಾ ತೆಲುಗಿನಲ್ಲಿ ಹೇಳಿದಳು: ವಾಡಿಕಿ ನಾ ಉಸುರು ತಗುಲುತುಂದಿ. ಹಾಗೆಂದರೆ ನೊಂದ ಜೀವದ ಸಂಕಟ ನೋಯಿಸಿದವನಿಗೆ ತಟ್ಟುತ್ತದೆ ಎಂದರ್ಥ. ಕನ್ನಡದಲ್ಲಿ 'ನನ್ನ ನಿಟ್ಟುಸಿರು ತಟ್ಟದೆ ಇರದು' ಎನ್ನುತ್ತೇವಲ್ಲ, ಅದೇ. ಉಸುರು ಎಂದರೆ ಜೀವ ಎಂದು ಬಲ್ಲ ನಾನು 'ನನ್ನಿಂದ ಆತನ ಪ್ರಾಣಕ್ಕೆ ಅಪಾಯವಾಗುತ್ತದೆ' ಎಂದು ಚೊಕ್ಕ ಅಕ್ಷರದಲ್ಲಿ ಬರೆದುಕೊಟ್ಟೆ. ಅವಳು ಹೆಬ್ಬೆಟ್ಟು ಒತ್ತಿದಳು.

ಓದಿದವರು ಅದನ್ನು ಬೆದರಿಕೆಯೆಂದು ಓದಿದರು. ಬರೆದದ್ದು ಹಾಗೆಯೇ ಇತ್ತು, ಅವರನ್ನು ದೂರಿ ಫಲವಿಲ್ಲ. ಹೊಲದ ವಿಚಾರ ಹಿಂದೆ ಬಿತ್ತು. ಮೈದುನನಿಗೆ ಕೇಡು ಬಗೆಯುವುದಿಲ್ಲವೆಂದು ಅವಳಿಂದಲೇ ಮುಚ್ಚಳಿಕೆ ಬರೆಸಿಕೊಂಡರು. ಅದನ್ನೂ ಬರೆದವನು ನಾನೇ. ಸಂಜೆ ಮಾವ ಬಂದು ಕೇಳಿ ಹಣೆ ಚಚ್ಚಿಕೊಂಡ. ಅವಳು ಮತ್ತೆ ಬರುವ ಹೊತ್ತಿಗೆ ಮೂರು ವಾರವಾಗಿತ್ತು, ಮೈದುನ ಕಡಲೆಕಾಯಿ ಬಿತ್ತಿಯಾಗಿತ್ತು. ನನ್ನ ತಪ್ಪನ್ನು ಹೇಳಿಕೊಂಡೆ. ಅವಳು ಉಸಿರೆತ್ತಲಿಲ್ಲ. ಎರಡನೆಯ ಅರ್ಜಿಗೆ ಹೆಬ್ಬೆಟ್ಟು ಒತ್ತುವ ಮುನ್ನ ಮಾತ್ರ, ಓದಿ ಹೇಳು ಎಂದಳು. ಕನ್ನಡದಲ್ಲಿ ಒಮ್ಮೆ, ತೆಲುಗಿನಲ್ಲಿ ಒಮ್ಮೆ ಓದಿದೆ. ಅದರಲ್ಲಿ ಸರ್ವೆ ನಂಬರು, ಎಕರೆ, ಗುಂಟೆ, ಗಂಡ ಸತ್ತ ತಾರೀಖು ಇದ್ದವು. ಉಸಿರಿನ ಮಾತು ಇರಲಿಲ್ಲ.